ಸರ್ವರಿನ ಜ್ವರ: ನಿದಾನಕ್ರಮ

ಮಳೆಗಾಲದಲ್ಲಿ ಹರಿಹರದ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡುವ ಹಿರಿಯರು ನೀರು ಎಷ್ಟು ಏರಿತೆಂದಷ್ಟೇ ಕೇಳುವುದಿಲ್ಲ. ಬಂದುದು ಗಾಜನೂರಿನ ಕಡೆಯ ತುಂಗೆಯೋ, ಲಕ್ಕವಳ್ಳಿಯಿಂದ ಬಿಟ್ಟ ಭದ್ರೆಯೋ ಎಂದು ವಿಚಾರಿಸುತ್ತಾರೆ. ಕೂಡಲಿಯಲ್ಲಿ ಎರಡೂ ಒಂದಾದ ಮೇಲೆ ಅಳತೆಗೋಲು ಮಟ್ಟವನ್ನು ಹೇಳೀತಲ್ಲದೆ ಮೂಲವನ್ನು ಹೇಳದು. ವ್ಯಾಕರಣ, ಛಂದಸ್ಸುಗಳಲ್ಲಿ ಕಾಲ ಕಳೆದ ಪಂಡಿತನಾದ ನಾನು ಗಣಕಯಂತ್ರದ ವಿಷಯವನ್ನು ಎತ್ತಿಕೊಂಡುದಕ್ಕೆ ವಾಚಕ ಮಹಾಶಯರು ಕ್ಷಮಿಸಬೇಕು. ನನಗೆ ಅದರಲ್ಲಿ ಕಂಡುದು ಈ ಅಳತೆಗೋಲಿನ ಪ್ರಶ್ನೆಯೇ.

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಕೇಳುವ ಮಾತು ಒಂದೇ: ‘ಸರ್ವರ್ ಬಿಜಿ’. ಎಂಟು ಲಕ್ಷಕ್ಕೂ ಮಿಕ್ಕ ಮಕ್ಕಳ ಅಂಕಗಳನ್ನು ನಾಡೆಲ್ಲವೂ ಒಂದೇ ಗಳಿಗೆಯಲ್ಲಿ ಕೇಳಿದರೆ, ಉತ್ತರಿಸಬೇಕಾದ ಯಂತ್ರವಾದ ಸರ್ವರು, ಅದರೊಳಗೆ ಲೆಕ್ಕ ಹಾಕುವ ಅಂಗವಾದ ಪ್ರೊಸೆಸರು ತತ್ತರಿಸುವುದು ಸಹಜ. ಆದರೆ ಎಲ್ಲ ಜ್ವರವೂ ಜಾತ್ರೆಯಿಂದ ಬಂದುದಲ್ಲ. ಜನರೇ ಇಲ್ಲದ ನಡುರಾತ್ರಿಯಲ್ಲಿಯೂ ಪ್ರೊಸೆಸರು ನೂರಕ್ಕೆ ನೂರು ದುಡಿಯುತ್ತಿರುವುದುಂಟು.

ದಾವಣಗೆರೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು—ಸಂಧಿಪ್ರಕರಣದಲ್ಲಿ ಅಷ್ಟಕ್ಕಷ್ಟೇ ಇದ್ದವನು—ಇಂದು ಇಂಥ ಯಂತ್ರಗಳ ಕಾವಲುಗಾರ. ಅವನು ಹೇಳಿದ ಮೊದಲ ಮಾತು: ಗಾಬರಿಯಿಂದ ಯಂತ್ರವನ್ನು ಆರಿಸಿ ಹೊತ್ತಿಸಬಾರದು. ಹಾಗೆ ಮಾಡಿದರೆ ಜ್ವರವೇನೋ ಇಳಿದೀತು. ಜೊತೆಗೆ ಸಾಕ್ಷ್ಯವೂ ಅಳಿದುಹೋಗಿ ನಾಳೆ ಅದೇ ಹೊತ್ತಿಗೆ ಜ್ವರ ಮರಳೀತು. ಹೊರಗೆ ಜನ ಕಾದಿರುವಾಗ ಐದು ನಿಮಿಷ ಸುಮ್ಮನೆ ನೋಡುತ್ತಿರುವುದೇ ಈ ವೃತ್ತಿಯ ಕಠಿಣ ಭಾಗವಂತೆ.

ನೋಡುವುದಾದರೂ ಏನನ್ನು? ಲಿನಕ್ಸ್ ಯಂತ್ರದಲ್ಲಿ ‘ಟಾಪ್’ ಎಂಬ ಆಜ್ಞೆಯಿತ್ತರೆ ಪ್ರೊಸೆಸರಿನ ಕಾಲ ಹಂಚಿಹೋದ ಬಗೆ ಕಾಣುತ್ತದೆ. ನಮ್ಮದೇ ತಂತ್ರಾಂಶಕ್ಕೆ ವ್ಯಯವಾದುದೊಂದು. ಯಂತ್ರದ ಒಳಾಡಳಿತಕ್ಕೆ ಹೋದುದೊಂದು. ಡಿಸ್ಕಿನಿಂದ ಮಾಹಿತಿ ಬರಲೆಂದು ಕಾದು ಕಳೆದುದೊಂದು. ಬಾಡಿಗೆಯ ಯಂತ್ರವಾದರೆ ನೆರೆಯವರ ಪಾಲಾದುದು ಇನ್ನೊಂದು. ಕಾಯುವಿಕೆ ಹೆಚ್ಚಿದ್ದರೆ ಪ್ರೊಸೆಸರಿನ ದೋಷವಿಲ್ಲ. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟಿನಲ್ಲಿ ಸಾಲುಗಟ್ಟಿ ನಿಂತ ಬಂಡಿಗಳ ಎತ್ತುಗಳನ್ನು ಸೋಮಾರಿಗಳೆಂದು ಯಾರೂ ಬೈಯಲಿಲ್ಲವಷ್ಟೆ.

ನಮ್ಮ ತಂತ್ರಾಂಶವೇ ತಿನ್ನುತ್ತಿದ್ದರೆ ಅದರೊಳಗಿನ ಯಾವ ಎಳೆ ತಿನ್ನುತ್ತಿದೆಯೆಂದು ಹುಡುಕಬೇಕು. ಜಾವಾ ತಂತ್ರಾಂಶವಾದರೆ ಐದಾರು ಸೆಕೆಂಡುಗಳ ಅಂತರದಲ್ಲಿ ಮೂರು ಬಾರಿ ಎಲ್ಲ ಎಳೆಗಳ ಸ್ಥಿತಿಚಿತ್ರವನ್ನು ತೆಗೆದಿಡುತ್ತಾರೆ. ಮೂರರಲ್ಲಿಯೂ ಒಂದೇ ಎಳೆ ಒಂದೇ ಸಾಲಿನಲ್ಲಿ ಸುತ್ತುತ್ತಿದ್ದರೆ ಕಳ್ಳ ಸಿಕ್ಕಂತೆಯೇ. ಒಂದು ತೊಡಕುಂಟು: ಟಾಪ್ ಎಳೆಯ ಸಂಖ್ಯೆಯನ್ನು ದಶಮಾನದಲ್ಲಿ ತೋರಿಸಿದರೆ, ಸ್ಥಿತಿಚಿತ್ರವು ಸಾಮಾನ್ಯವಾಗಿ ಹದಿನಾರರ ಮಾನದಲ್ಲಿ ಬರೆದಿರುತ್ತದೆ, ಬದಲಿಸಿಕೊಳ್ಳದೆ ಹುಡುಕುವವನಿಗೆ ಏನೂ ದೊರೆಯದು. ತಿನ್ನುತ್ತಿರುವುದು ಸ್ಮೃತಿಯ ಕಸ ಗುಡಿಸುವ ಎಳೆಯೆಂದು ಕಂಡರೆ ರೋಗ ಸ್ಮೃತಿಯ ಕೊರತೆಯೇ ಹೊರತು ಪ್ರೊಸೆಸರಿನದಲ್ಲ.

ನನಗೆ ಅತ್ಯಂತ ಆಪ್ತವೆನಿಸಿದುದು ಬೇರೊಂದು ಪ್ರಸಂಗ. 2019ರ ಜುಲೈ 2ರಂದು, ಅಸಂಖ್ಯ ಜಾಲತಾಣಗಳಿಗೆ ಕಾವಲಾಗಿರುವ ಕ್ಲೌಡ್‌ಫ್ಲೇರ್ ಸಂಸ್ಥೆಯ ಯಂತ್ರಗಳು ಜಗತ್ತಿನಾದ್ಯಂತ ಒಮ್ಮೆಲೇ ನೂರಕ್ಕೆ ನೂರು ತಲಪಿ, 27 ನಿಮಿಷ ಸೇವೆ ಕುಸಿಯಿತು. ಶತ್ರುಗಳಾರೂ ಬಂದಿರಲಿಲ್ಲ. ಅಕ್ಷರಮಾಲೆಗಳನ್ನು ಪರೀಕ್ಷಿಸುವ ಹೊಸದೊಂದು ಸೂತ್ರವೇ ಕಾರಣ. ‘ಇಲ್ಲಿ ಯಾವ ಅಕ್ಷರಗಳು ಎಷ್ಟಿದ್ದರೂ ಸರಿ’ ಎಂಬ ಸಂಕೇತ ಅದರಲ್ಲಿ ಒಂದರ ಪಕ್ಕದಲ್ಲೊಂದು ಬಂದಿತ್ತು. ಗಣ ತಿಳಿಯದ ಬಾಲಕನು ಪದ್ಯದ ಪಾದವನ್ನು ಇಲ್ಲಿ ಒಡೆದು, ಹೊಂದದೆ ಹಿಂದೆ ಸರಿದು ಅಲ್ಲಿ ಒಡೆದು ನೋಡುವಂತೆ ಯಂತ್ರವು ಒಂದೇ ಪಂಕ್ತಿಯನ್ನು ನಾನಾ ಬಗೆಯಾಗಿ ಒಡೆಯುತ್ತ ಕುಳಿತಿತು. ಇಂಥ ಸೂತ್ರಗಳಲ್ಲಿ ಕೆಲವು ಇನ್ನೂ ಭೀಕರ. ಅಲ್ಲಿ ಯತ್ನಗಳು ನಮ್ಮ ಪ್ರಸ್ತಾರದಂತೆ ಅಕ್ಷರ ಹೆಚ್ಚಿದಂತೆಲ್ಲ ಇಮ್ಮಡಿಸುತ್ತವೆ. ಮೂರು ಅಕ್ಷರಕ್ಕೆ ಎಂಟು ಗಣವೆಂದು ಮಕ್ಕಳು ಬಲ್ಲರು. ಇಪ್ಪತ್ತು ಅಕ್ಷರಕ್ಕೆ 10,48,576 ಎಂದರೆ ಬೆರಗಾಗುತ್ತಾರೆ. ಅಂದು ಯಂತ್ರಗಳನ್ನು ಎಷ್ಟು ಬಾರಿ ಆರಿಸಿ ಹೊತ್ತಿಸಿದ್ದರೂ ಫಲವಿರಲಿಲ್ಲ. ಆ ನಿಯಮಗಳ ಸಮೂಹವನ್ನೇ ನಿಲ್ಲಿಸಿದ ಮೇಲೆ ಜ್ವರ ಬಿಟ್ಟಿತು.

ನಮ್ಮ ನಾಡಿನ ಪ್ರಸಂಗವೂ ಉಂಟು. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶವು 2025ರ ಜನವರಿಯಲ್ಲಿ ಕುಂಟತೊಡಗಿ, ಉಪನೋಂದಣಿ ಕಚೇರಿಗಳಲ್ಲಿ ಕ್ರಯಪತ್ರ ಹಿಡಿದ ಜನ ದಿನಗಟ್ಟಲೆ ಕಾದರು. ಮೇಲುನೋಟಕ್ಕೆ ಅದು ಬರಿಯ ಜನದಟ್ಟಣೆಯಂತಿತ್ತು. ಬೇಡಿಕೆಗಳು ಬಂದ ದಾರಿಯನ್ನು ಹಿಡಿದು ನೋಡಿದಾಗ, ಪತ್ರಿಕೆಗಳಲ್ಲಿ ಪ್ರಕಟವಾದಂತೆ, ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ಬೇಡಿಕೆಗಳು; ಅವುಗಳ ಹಿಂದೆ ಇದ್ದುದು 62 ಮಿಂಚಂಚೆ ಖಾತೆಗಳು, 14 ಜಾಲವಿಳಾಸಗಳು. ಋಣಭಾರ ಪತ್ರದ ಹುಡುಕಾಟದಲ್ಲಿ ಅರ್ಥವಿಲ್ಲದ ಕನ್ನಡ ಪದಗಳನ್ನು ತುಂಬಿ, ದತ್ತಸಂಚಯವನ್ನು ವೃಥಾ ತಡಕಾಡಿಸಿದ್ದರು. ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ದಾಖಲಾಯಿತು.