ಹಿತ್ತಲ ಗಿಡ, ಸೊಂಟದ ಕೊಡ

ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತಾಳೆ. ತಿರುಮಕೂಡಲು ನರಸೀಪುರದಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. ಎರಡು ಹೊಳೆ ಇದ್ದ ಮೇಲೆ ನೀರಿನ ಚಿಂತೆ ಯಾಕೆ ಅಂತೀರಾ?

ಮಳೆ ಕೈಕೊಟ್ಟರೆ ಹೊಳೆ ಸೊರಗುತ್ತದೆ. ಬೋರ್‌ವೆಲ್ ಬತ್ತುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ಬರ ಬಂದರೆ ದೂರದಿಂದ ಕೊಡ ಹೊರುವವರು ಯಾರು? ನಾವೇ, ಹೆಂಗಸರು.

ಹಾಗಂತ ಹಿತ್ತಲು ಬರಿದಾಗಬೇಕಿಲ್ಲ. ಕಡಿಮೆ ನೀರಲ್ಲಿ ಬದುಕುವ ಗಿಡ ನೆಡೋಣ. ನುಗ್ಗೆ, ಕರಿಬೇವು, ನೆಲ್ಲಿ, ಬೇವು ನಮ್ಮ ನೆಲದವೇ. ಬೇವಿನ ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ನುಗ್ಗೆ ತನ್ನ ದಪ್ಪ ಬೇರಿನಲ್ಲಿ ನೀರು ಕೂಡಿಡುತ್ತದೆ. ನೀರು ಸಾಲದಾಗ ಎಲೆ ಉದುರಿಸಿ ಜೀವ ಉಳಿಸಿಕೊಳ್ಳುತ್ತದೆ. ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ನಮಗೆ ಸೊಪ್ಪೂ ಸಿಕ್ಕಿತು, ಕಾಯಿಯೂ ಸಿಕ್ಕಿತು.

ಮಳೆಗಾಲ ಶುರುವಾದಾಗ ಸಸಿ ನೆಡಿ. ಮೊದಲ ಎರಡು ಬೇಸಿಗೆ ನೀರು ಹಾಕಲೇಬೇಕು. ಆಮೇಲೆ ಬೇರು ಊರಿಕೊಳ್ಳುತ್ತದೆ. ಬುಡಕ್ಕೆ ತರಗೆಲೆ, ತೆಂಗಿನ ನಾರು ಮುಚ್ಚಿ. ಆಗ ತೇವ ಬೇಗ ಆರುವುದಿಲ್ಲ. ಮಟಮಟ ಮಧ್ಯಾಹ್ನ ನೀರು ಹಾಕಬೇಡಿ. ಹೊತ್ತು ಮುಳುಗಿದ ಮೇಲೆ ಹಾಕಿ.

ನಂಜನಗೂಡಿನ ರಸಬಾಳೆ ಹೆಸರುವಾಸಿ. ಆದರೆ ಬಾಳೆಗೆ ನೀರು ಜಾಸ್ತಿ ಬೇಕು. ಆಸೆ ಇದ್ದರೆ ಬಚ್ಚಲ ನೀರು ಹರಿಯುವ ಕಡೆ ಒಂದು ಬಾಳೆ ಇರಲಿ.

ಅಕ್ಕಿ ತೊಳೆದ ನೀರು ದನಕ್ಕೆ, ತರಕಾರಿ ತೊಳೆದ ನೀರು ಗಿಡಕ್ಕೆ.

ಈಗ ಲೆಕ್ಕ ಹಾಕೋಣ. ದಿನಕ್ಕೆ ಒಂದು ಕೊಡ ಉಳಿದರೆ ತಿಂಗಳಿಗೆ 30 ಕೊಡ. ವರ್ಷಕ್ಕೆ 365 ಕೊಡ. ಅಷ್ಟು ಹೊರೆ ನಮ್ಮ ಸೊಂಟದಿಂದ ಇಳಿಯಿತಲ್ಲವೇ?