ಹಿಂತೆಗೆಯಬಹುದಾದ ಕ್ರಿಯೆಗೆ ದೃಢೀಕರಣಪ್ರಶ್ನೆ ಬೇಕೆ?

ಮೈಸೂರಿನ ಮಾನಸಗಂಗೋತ್ರಿಗೆ ಪಶ್ಚಿಮದಲ್ಲಿರುವ ಬೋಗಾದಿಯಲ್ಲಿ ಅಧ್ಯಾಪಕರೊಬ್ಬರು ತಮ್ಮ ಮನೆಯಲ್ಲಿ ಕಂಪ್ಯೂಟರಿನೆದುರು ಕುಳಿತು ಹಳಗನ್ನಡ ಕಾವ್ಯವೊಂದರ ಪಾಠಪರಿಷ್ಕರಣ ಮಾಡುತ್ತಿರುವರೆಂದು ಭಾವಿಸೋಣ. ಬೇಡವೆಂದು ತೋರಿದ ಒಂದು ಕಡತವನ್ನು ತೆಗೆಯಹೊರಟೊಡನೆ, “ಖಂಡಿತವಾಗಿಯೂ ಅಳಿಸಬೇಕೆ?” ಎಂದು ಯಂತ್ರವು ಕೇಳುವುದು. ಅಳಿಸಿದುದನ್ನು ಮರಳಿ ಪಡೆಯುವ ಮಾರ್ಗವು ಆ ಯಂತ್ರದಲ್ಲಿಯೇ ಇರುವಾಗ ಈ ಪ್ರಶ್ನೆಯು ಸಾರ್ಥಕವೋ ವ್ಯರ್ಥವೋ ಎಂಬುದೇ ಇಲ್ಲಿನ ಸಂಶಯವು.

ಸಾರ್ಥಕವೇ ಎಂಬುದು ಪೂರ್ವಪಕ್ಷ. ಹೇಗೆಂದರೆ, ಪ್ರಶ್ನೆಯು ಅವಸರದ ಕೈಯನ್ನು ಕ್ಷಣಕಾಲ ತಡೆದು ಬುದ್ಧಿಗೆ ಎಡೆಗೊಡುವುದು; ಪ್ರಮಾದವನ್ನು ತಿದ್ದುವುದಕ್ಕಿಂತ ತಡೆಯುವುದೇ ಲೇಸಷ್ಟೆ?

ಇದಕ್ಕೆ ಸಮಾಧಾನವಿದು. ಪ್ರತಿಸಲವೂ ಕೇಳಲ್ಪಡುವ ಪ್ರಶ್ನೆಯು ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಣ್ಣು ಓದುವ ಮೊದಲೇ ಕೈ “ಹೌದು” ಎಂದು ಒತ್ತಿರುತ್ತದೆ. ಜೆಫ್ ರಾಸ್ಕಿನ್ ಎಂಬ ತಜ್ಞನು 2000ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅಭ್ಯಾಸಬಲದ ಈ ದೋಷವನ್ನು ವಿವರಿಸಿರುವನು. ಅಲ್ಲದೆ, ತಪ್ಪು ತಪ್ಪೆಂದು ಹೊಳೆಯುವುದು ಪ್ರಾಯಶಃ ಮಾಡಿದ ಮೇಲೆಯೇ. ಪ್ರಶ್ನೆಯು ಮೊದಲೇ ಬಂದು ಹೋಗುವುದು. ಹಿಂತೆಗೆತವಾದರೋ ತಪ್ಪರಿತ ಮೇಲೆಯೂ ಒದಗುವುದು. 2012ರ ವಿಂಡೋಸ್ 8ರಲ್ಲಿ, ಕಸದ ಬುಟ್ಟಿಗೆ ಹೋಗುವ ಕಡತಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಸಹಜಸ್ಥಿತಿಯಲ್ಲಿ ಕೈಬಿಟ್ಟುದು ಈ ನ್ಯಾಯಕ್ಕೆ ಅನುಗುಣವಾಗಿಯೇ ಇದೆ.

ಲಿಪಿಕಾರರ ಪದ್ಧತಿಯೂ ಇದಕ್ಕೆ ದೂರವಲ್ಲ. ಓಲೆಯಲ್ಲಿ ಕಂಠದಿಂದ ಕೊರೆದ ಅಕ್ಷರವು ಅಳಿಯದು. ಬಿಟ್ಟುಹೋದ ಅಕ್ಷರಕ್ಕೆ ಹಂಸಪಾದವನ್ನಿಟ್ಟು ಅದನ್ನು ಮೇಲೆಯೋ ಅಂಚಿನಲ್ಲಿಯೋ ಬರೆಯುತ್ತಿದ್ದರು. ತಿದ್ದುಪಡಿಯ ಗುರುತು ಓದುಗನಿಗೆ ಕಾಣುವಂತೆ ಉಳಿಯುತ್ತಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿಯೂ ಪ್ರತಿಯೊಂದು ಪುಟದ ಹಿಂದಿನ ಆವೃತ್ತಿಗಳು ಉಳಿಯುವುದರಿಂದ, ಯಾರು ತಿದ್ದಿದರೂ ಪೂರ್ವಪಾಠವನ್ನು ಮತ್ತೆ ನಿಲ್ಲಿಸಬಹುದು.

ಆದರೆ ಹಿಂತೆಗೆತವೆಂದು ಹೆಸರಿದ್ದ ಮಾತ್ರಕ್ಕೆ ಅಭಯವಿದೆಯೆಂದು ತಿಳಿಯಕೂಡದು. ಜಿಮೇಲಿನಲ್ಲಿ ಕಳುಹಿಸಿದ ಪತ್ರವನ್ನು ಹಿಂತೆಗೆಯಲು ಹೆಚ್ಚೆಂದರೆ 30 ಸೆಕೆಂಡು ಮಾತ್ರ ಅವಕಾಶ. ಅಲ್ಲಿ ಪತ್ರವು ಮರಳಿ ಬರುವುದಲ್ಲ, ಅಷ್ಟು ಹೊತ್ತು ಹೊರಡದೆ ನಿಂತಿರುವುದು. ಬರೆಹದ ಅನೇಕ ತಂತ್ರಾಂಶಗಳಲ್ಲಿ ಕಡತವನ್ನು ಮುಚ್ಚಿದೊಡನೆ ಹಿಂತೆಗೆತದ ಸರಣಿಯೂ ಅಳಿಯುವುದು. ಹಳೆಯ ಕಡತದ ಮೇಲೆಯೇ ಹೊಸದನ್ನು ಉಳಿಸಿ ಮುಚ್ಚಿದ ಪರಿಷ್ಕರ್ತನು ಮರುದಿನ ತಪ್ಪನ್ನರಿತರೆ ಪೂರ್ವಪಾಠವು ದೊರೆಯದು. ಮೂಲವಾದ ಓಲೆಯೂ ಜೀರ್ಣವಾಗಿದ್ದರೆ ಆ ಪಾಠವು ಲೋಕಕ್ಕೇ ನಷ್ಟವು.

ನಿಜವಾಗಿ ಹಿಂತೆಗೆಯಲಾಗದೆಡೆಯಲ್ಲಿ ಪ್ರಶ್ನೆಯು ಬೇಕೇ ಬೇಕು. ಆದರೆ ಅದು ಹೊಸ ತಿಳಿವನ್ನು ಕೊಡತಕ್ಕದ್ದು. 2016ರಲ್ಲಿ ಬಳಕೆಗೆ ಬಂದ ಯುಪಿಐ ಪದ್ಧತಿಯಲ್ಲಿ ಕೊಟ್ಟ ಹಣವನ್ನು ಕೊಟ್ಟವನು ತಾನಾಗಿ ಹಿಂತೆಗೆಯಲಾರನು. ಬೋಗಾದಿಯ ಅಂಗಡಿಯಲ್ಲಿ ಹಣ ಕೊಡುವವನಿಗೆ ಪಡೆಯುವವನ ಹೆಸರು ಮೊದಲು ಕಾಣುವುದು. ಆ ಹೆಸರೇ ಅಲ್ಲಿ ಕಾವಲು. “ಖಂಡಿತವೆ?” ಎಂಬ ಬರಿಯ ಮಾತು ಏನನ್ನೂ ತಿಳಿಸುವುದಿಲ್ಲ.

ಆದಕಾರಣ ನಿರ್ಣಯವಿಂತು: ಹಿಂತೆಗೆತವು ಕಣ್ಣಿಗೆ ಕಾಣುವಂತೆಯೂ, ತಪ್ಪು ತಿಳಿಯುವಷ್ಟು ಕಾಲವೂ ಇರುವಲ್ಲಿ ಪ್ರಶ್ನೆ ಬೇಡ. ಇಲ್ಲದೆಡೆಯಲ್ಲಿ ಅದು ವಿರಳವಾಗಿಯೂ ವಿಷಯಸಹಿತವಾಗಿಯೂ ಇರಲಿ. ಗ್ರಂಥಪರಿಷ್ಕರಣದಲ್ಲಿಯಾದರೆ ಪ್ರತಿದಿನದ ಪಾಠವನ್ನೂ ದಿನಾಂಕದೊಡನೆ ಬೇರೆ ಕಡತವಾಗಿ ಉಳಿಸಿಕೊಳ್ಳುವುದೇ ಯೋಗ್ಯವಾದ ಕ್ರಮವು.