ಡಾಕ್ಟರ ತಪ್ಪಿಗೆ ಎಷ್ಟು ಶಿಕ್ಷೆ?

ಮಗುವಿಗೆ ಜ್ವರ ಏರಿದ ರಾತ್ರಿ ನಮಗೆಲ್ಲ ಡಾಕ್ಟರೇ ದೇವರು. ಅದೇ ಡಾಕ್ಟರ ತಪ್ಪಿನಿಂದ ಮಗು ಉಳಿಯದೆ ಹೋದರೆ? "ಇವರು ಇನ್ನೆಂದೂ ರೋಗಿಯ ಕೈ ಹಿಡಿಯಬಾರದು" ಎಂದು ಹೆತ್ತ ಕರುಳು ಕೂಗುವುದು ಸಹಜವೇ. ಆದರೆ ನ್ಯಾಯ ಹೇಳುವವರು ಏನೇನನ್ನು ತೂಗಬೇಕು? ಇಂಗ್ಲೆಂಡಿನ ಒಂದು ಮೊಕದ್ದಮೆಯ ಸಂಗತಿ ಹೇಳುತ್ತೇನೆ, ಕೇಳಿ.

2011ರ ಫೆಬ್ರವರಿ 18. ಲೆಸ್ಟರ್ ನಗರದ ಆಸ್ಪತ್ರೆಗೆ ಆರು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಡೌನ್ ಸಿಂಡ್ರೋಮ್ ಇದ್ದ, ಹೃದಯದ ತೊಂದರೆಯೂ ಇದ್ದ ಕೂಸು. ವಾಂತಿ, ಭೇದಿ, ಏದುಸಿರು. ನೋಡಿದವರು ಡಾ. ಹದೀಜಾ ಬಾವಾ-ಗಾರ್ಬಾ. ಇನ್ನೂ ತರಬೇತಿಯಲ್ಲಿದ್ದ ಮಕ್ಕಳ ಡಾಕ್ಟರು. ಆಕೆಯೂ ತಾಯಿಯೇ. ಬಾಣಂತನದ ದೀರ್ಘ ರಜೆ ಮುಗಿಸಿ ಬಂದು ಹೆಚ್ಚು ದಿನವಾಗಿರಲಿಲ್ಲ.

ಅಂದು ಹಿರಿಯ ಡಾಕ್ಟರು ಹಗಲು ಬಹುಹೊತ್ತು ಆಸ್ಪತ್ರೆಯಲ್ಲಿರಲಿಲ್ಲ. ಕಂಪ್ಯೂಟರ್ ಕೆಟ್ಟು ರಕ್ತ ಪರೀಕ್ಷೆಯ ವರದಿ ಕೈಗೆ ಬರಲು ಗಂಟೆಗಳೇ ಹಿಡಿದವು. ಬೇರೆಯವರ ಕೆಲಸವೂ ಈಕೆಯ ತಲೆಗೇ ಬಂತು. ಇಷ್ಟೆಲ್ಲ ನಿಜ. ಆದರೆ ಮಗುವಿನ ರಕ್ತಕ್ಕೆ ನಂಜೇರುತ್ತಿದೆ ಎಂಬುದನ್ನು ಆಕೆ ಸಕಾಲಕ್ಕೆ ಗುರುತಿಸಲಿಲ್ಲ, ಆಂಟಿಬಯೋಟಿಕ್ ಕೊಡುವುದು ತಡವಾಯಿತು ಎಂಬುದೂ ಅಷ್ಟೇ ನಿಜ. ಅಂದು ರಾತ್ರಿಯೇ ಮಗು ಕಣ್ಮುಚ್ಚಿತು.

2015ರಲ್ಲಿ ಜ್ಯೂರಿಯವರು ಆಕೆಯನ್ನು ತಪ್ಪಿತಸ್ಥೆ ಎಂದರು. ಘೋರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಅಪರಾಧ. ಎರಡು ವರ್ಷದ ಸಜೆಯನ್ನು ಅಮಾನತಿನಲ್ಲಿಟ್ಟದ್ದರಿಂದ ಜೈಲಿಗೆ ಹೋಗಲಿಲ್ಲ. ಇನ್ನು ಉಳಿದದ್ದು ವೃತ್ತಿಯ ಪ್ರಶ್ನೆ. ಡಾಕ್ಟರರ ನಡತೆ ವಿಚಾರಿಸುವ ನ್ಯಾಯಮಂಡಳಿ 2017ರಲ್ಲಿ "ಒಂದು ವರ್ಷ ಕೆಲಸ ಮಾಡಕೂಡದು" ಎಂದಿತು. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲಿಗೆ ಇದು ಸಾಲದಾಯಿತು! ಹೈಕೋರ್ಟಿಗೆ ಅಪೀಲು ಹೋಯಿತು. 2018ರ ಜನವರಿಯಲ್ಲಿ ಹೈಕೋರ್ಟು ಆಕೆಯ ಹೆಸರನ್ನೇ ಡಾಕ್ಟರರ ಪಟ್ಟಿಯಿಂದ ಹೊಡೆದುಹಾಕಿತು.

ದೇಶದ ಡಾಕ್ಟರರು ಕೆರಳಿದರು. ಆಸ್ಪತ್ರೆಯ ಹುಳುಕಿಗೆ ಒಬ್ಬಳ ತಲೆದಂಡವೇ ಎಂದು ಕೇಳಿದರು. ಆಕೆಯ ಮೊಕದ್ದಮೆಗೆಂದು 3 ಲಕ್ಷ ಪೌಂಡಿಗೂ ಮೀರಿ ಹಣ ಕೂಡಿತು. 2018ರ ಆಗಸ್ಟ್ 13ರಂದು ಅಪೀಲು ನ್ಯಾಯಾಲಯ ಹೈಕೋರ್ಟಿನ ತೀರ್ಪನ್ನು ರದ್ದುಮಾಡಿತು. ಮತ್ತೆ ಒಂದು ವರ್ಷದ ಅಮಾನತೇ ಉಳಿಯಿತು.

ಕಾರಣ ಗಮನಿಸಿ. ಜ್ಯೂರಿಯ ಪ್ರಶ್ನೆ "ಅಂದು ನಡೆದದ್ದು ಅಪರಾಧವೇ?" ಎಂಬುದು. ನ್ಯಾಯಮಂಡಳಿಯ ಪ್ರಶ್ನೆ "ಇನ್ನು ಮುಂದೆ ರೋಗಿಗಳನ್ನು ಈಕೆಗೆ ಒಪ್ಪಿಸಬಹುದೇ? ಜನರ ನಂಬಿಕೆ ಉಳಿಯಲು ಎಷ್ಟು ಶಿಕ್ಷೆ ಬೇಕು?" ಎಂಬುದು. ಇದಕ್ಕೆ ಉತ್ತರ ಹುಡುಕುವಾಗ ಆಸ್ಪತ್ರೆಯ ಕೊರತೆಗಳನ್ನೂ ನೋಡಬಹುದು. ಹಾಗೆಂದು ಅಪರಾಧವೇ ಇಲ್ಲವೆಂದಲ್ಲ. 2021ರಲ್ಲಿ ಆಕೆಯ ಮೇಲಿನ ನಿರ್ಬಂಧಗಳೆಲ್ಲ ತೀರಿದವು. ಮಗುವನ್ನು ಕಳೆದುಕೊಂಡ ತಾಯಿಗೆ ಮಾತ್ರ ಅಪೀಲಿನ ಆ ತೀರ್ಪು ಸಮಾಧಾನ ತರಲಿಲ್ಲ. ಆ ನೋವನ್ನು ಯಾವ ಕೋರ್ಟು ತಾನೇ ತೂಗೀತು?

ನಮ್ಮ ಕಡೆ ಹೇಗೆ ಅಂತೀರಾ? ಡಾಕ್ಟರರ ನಡತೆಯ ಬಗ್ಗೆ ದೂರು ಹೋಗುವುದು ಕರ್ನಾಟಕ ಮೆಡಿಕಲ್ ಕೌನ್ಸಿಲಿಗೆ. 2019ರಲ್ಲಿ ಪಾಸಾದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ, ಕೌನ್ಸಿಲಿನ ಕ್ರಮದ ಮೇಲೆ ಅಪೀಲು ಹೋಗುವ ಅವಕಾಶವನ್ನು ಡಾಕ್ಟರರಿಗೆ ಬರೆದುಕೊಟ್ಟಿತು. ಆ ಕಲಮಿನಲ್ಲಿ ರೋಗಿಯ ಕಡೆಯವರ ಮಾತೇ ಇರಲಿಲ್ಲ! ಆದರೆ ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗುವ ದಾರಿ ಸಂವಿಧಾನದಲ್ಲೇ ಇದೆ. ಪರಿಹಾರದ ಹಣಕ್ಕೆ ಗ್ರಾಹಕರ ಆಯೋಗ ಬೇರೆ. ಹಣ ಪಡೆದು ಮಾಡುವ ಚಿಕಿತ್ಸೆಯೂ ಗ್ರಾಹಕರ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ಇದಕ್ಕೆಲ್ಲ ಬೇಕಾದದ್ದು ಕಾಗದಪತ್ರ. ಔಷಧಿ ಚೀಟಿ, ಪರೀಕ್ಷೆಯ ವರದಿ, ಬಿಲ್ಲು, ಡಿಸ್ಚಾರ್ಜ್ ಕಾರ್ಡು ಒಂದನ್ನೂ ಬಿಸಾಡಬೇಡಿ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ನಿಯಮಾವಳಿ ಹೇಳುತ್ತದೆ. ಕೇಳಲು ಸಂಕೋಚವೇಕೆ? ನಾಳೆ ಯಾರ ತಪ್ಪು, ಎಷ್ಟು ತಪ್ಪು ಎಂದು ತೂಗುವಾಗ ಡಾಕ್ಟರಿಗೂ ನಿಮಗೂ ನ್ಯಾಯ ದೊರಕಿಸುವುದು ಆ ಕಾಗದಗಳೇ.